ಮೂರು ಸಲ ಉಕ್ಕಿಸಿದ ಸರೇಸು

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಎಲ್ಲಿದೆ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಬಸ್ಸು ಇಳಿದು, ಕೆಂಪು ಬಾಳೆಯ ತೋಟಗಳನ್ನು ದಾಟಿ, ವಾಸನೆ ಬಂದ ಕಡೆಗೆ ನಡೆದರೆ ಸಾಕಿತ್ತು. ಜನ ಮೂಗು ಮುಚ್ಚಿಕೊಂಡು ಬರುತ್ತಿದ್ದರು, ಬೇಕಾದದ್ದನ್ನು ತೆಗೆದುಕೊಂಡು ಮೂಗು ಮುಚ್ಚಿಕೊಂಡೇ ಹೋಗುತ್ತಿದ್ದರು. ನಮ್ಮ ಅಪ್ಪ ಸರೇಸು ಮಾಡುತ್ತಿದ್ದ.

ಸರೇಸು ಎಂದರೆ ಮರಕ್ಕೆ ಮರ ಅಂಟಿಸುವ ಅಂಟು. ಬೇರೆ ಕಡೆ ಅದನ್ನು ಮರವಜ್ರ ಎನ್ನುತ್ತಾರೆ. ಅದು ಆಗುವುದು ಸತ್ತ ಎತ್ತು, ಎಮ್ಮೆಗಳ ಚರ್ಮದಿಂದ. ಚರ್ಮ ಹದ ಮಾಡುವವರು ಕತ್ತರಿಸಿ ಎಸೆದ ಅಂಚು, ಕಿವಿ, ಬಾಲದ ತುದಿ, ಹೀಗೆ ಚಪ್ಪಲಿಗೂ ಬಾರದ ತುಂಡುಗಳನ್ನು ಅಪ್ಪ ಗೋಣಿಚೀಲದಲ್ಲಿ ತುಂಬಿ ತರುತ್ತಿದ್ದ. ಇದನ್ನು ಹೇಳುತ್ತಿದ್ದಂತೆ, ಮಕ್ಕಳೇ, ನಿಮ್ಮಲ್ಲೊಬ್ಬರು ‘ಛೀ’ ಅಂದಿರಿ. ಅನ್ನಿ, ಆ ಶಬ್ದ ನನಗೆ ಹೊಸದಲ್ಲ. ಆಗೆಲ್ಲ ಹಾಗೆ ಅಂದವರ ಮನೆಯ ಮಂಚ, ಪೆಟ್ಟಿಗೆ, ದೇವರ ಮಂಟಪ ಎಲ್ಲವೂ ಅಪ್ಪನ ಸರೇಸಿನ ಬಲದಿಂದಲೇ ನಿಂತಿದ್ದವು. ಮಂಟಪಕ್ಕೆ ಕೈ ಮುಗಿಯುವಾಗ ಅವರು ಮೂಗು ಮುಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ಆ ಕೆಲಸವನ್ನು ಕಂಡಂತೆಯೇ ಹೇಳುತ್ತೇನೆ. ಚರ್ಮದ ತುಂಡುಗಳು ವಾರಗಟ್ಟಲೆ ಸುಣ್ಣದ ನೀರಿನ ಗುಂಡಿಯಲ್ಲಿ ಬಿದ್ದಿರುತ್ತಿದ್ದವು. ಕೂದಲು ಬಿಟ್ಟು, ಉಬ್ಬಿ, ಬೆಳ್ಳಗಾದ ಮೇಲೆ ಅಕ್ಕ ಅವನ್ನು ಹಳ್ಳಕ್ಕೆ ಒಯ್ದು ತೊಳೆಯುತ್ತಿದ್ದಳು. ಒಂದು ಸಲ, ಎರಡು ಸಲ ಅಲ್ಲ; ಸುಣ್ಣದ ಉರಿ ಅವಳ ಬೆರಳ ಸಂದಿಗೆ ತಾಗದಂತಾಗುವ ತನಕ. ಅವಳ ಅಂಗೈ ಚಳಿಗಾಲವೆಲ್ಲ ಸುಲಿದಿರುತ್ತಿತ್ತು. ಆಮೇಲೆ ದೊಡ್ಡ ತಾಮ್ರದ ಹಂಡೆಯಲ್ಲಿ ನೀರು, ಕೆಳಗೆ ಸಣ್ಣ ಉರಿ. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಆ ನೀರಿನ ಮುಖವನ್ನೇ ನೋಡುತ್ತಿದ್ದ. ನೀರು ನಡುಗಬೇಕು, ಕುದಿಯಬಾರದು. ಒಂದು ಗುಳ್ಳೆ ಎದ್ದರೆ ಒಂದು ಕೊಳ್ಳಿಯನ್ನು ಹೊರಗೆಳೆಯುತ್ತಿದ್ದ. ಕುದಿಯಿತೆಂದರೆ ಸರೇಸಿನ ಕಸುವು ಹೋಯಿತು. ಕಣ್ಣಿಗೆ ಹಾಗೆಯೇ ಕಾಣುತ್ತದೆ, ಆದರೆ ಮರವನ್ನು ಹಿಡಿಯುವುದಿಲ್ಲ.

ಸಂಜೆ ಮೇಲಿನ ಜಿಡ್ಡು ತೆಗೆದು, ಬಟ್ಟೆಯಲ್ಲಿ ಸೋಸಿ, ತಗಡಿನ ತಟ್ಟೆಗಳಿಗೆ ಸುರಿದರೆ ಬೆಳಗಿನ ಹೊತ್ತಿಗೆ ಜೇನಿನ ಬಣ್ಣದ ಗಟ್ಟಿ ಆಗಿರುತ್ತಿತ್ತು. ಬೆರಳಿನಿಂದ ತಟ್ಟಿದರೆ ಅಲ್ಲಾಡುವ ಗಟ್ಟಿ. ಅಪ್ಪ ಅದನ್ನು ತಂತಿಯಿಂದ ಹೋಳು ಮಾಡುತ್ತಿದ್ದ. ಆ ಹೋಳುಗಳನ್ನು ಬಲೆಯ ಮೇಲೆ ಹರವಿ, ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸುವುದು ನನ್ನ ಕೆಲಸ. ಒಣಗಿದ ಮೇಲೆ ಗಾಜಿನಂತೆ ಆಗುತ್ತಿದ್ದವು, ಮೈಮೇಲೆ ಬಲೆಯ ಚೌಕಗಳು ಮೂಡಿರುತ್ತಿದ್ದವು. ಕಲಬುರಗಿಯ ಬಡಗಿಗಳು ಆ ಚೌಕಗಳನ್ನು ನೋಡಿಯೇ ‘ಇದು ಕಮಲಾಪುರದ್ದು’ ಎಂದು ಗುರುತು ಹಿಡಿಯುತ್ತಿದ್ದರು.

ಬಡಗಿ ಅದನ್ನು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಅದರಲ್ಲಿ ಕರಗಿಸಬೇಕು. ಬೆಂಕಿ ಅದಕ್ಕೆ ನೇರವಾಗಿ ತಾಗಲೇಬಾರದು. ಇಷ್ಟು ನೆನಪಿಟ್ಟುಕೊಳ್ಳಿ. ಒಂದು ಮನೆಯ ಜನಕ್ಕೆ ಇಷ್ಟು ನೆನಪಿಟ್ಟುಕೊಳ್ಳಲು ಆಗಲಿಲ್ಲ.

ಆ ಮನೆ ಕಲಬುರಗಿಯ ಶಹಾಬಜಾರದಲ್ಲಿತ್ತು. ಎರಡು ಅಂತಸ್ತು, ಕಲ್ಲಿನ ಕಟ್ಟೆ, ಬಾಗಿಲಿಗೆ ಹಿತ್ತಾಳೆಯ ಮೊಳೆ. ತೊಗರಿ ವ್ಯಾಪಾರದ ಸಾವಕಾರರು. ಅವರಿಗೆ ಗಂಡು ಮಗು ಹುಟ್ಟಿತ್ತು. ಸಾವಕಾರರ ತಾಯಿ, ಎಲ್ಲರೂ ‘ಅವ್ವಾರು’ ಎನ್ನುತ್ತಿದ್ದ ಮುದುಕಿ, ಮೊಮ್ಮಗನಿಗೆ ಸಾಗವಾನಿಯ ತೊಟ್ಟಿಲು ಮಾಡಿಸುತ್ತಿದ್ದರು. ರೋಜಾ ಓಣಿಯಿಂದ ಬರುತ್ತಿದ್ದ ಬಡಗಿ ಮಿಸ್ತ್ರಿ ಅವರ ಅಂಗಳದಲ್ಲೇ ಕೂತು ಕೆಲಸ ಮಾಡುತ್ತಿದ್ದ. ನಾನು ಅವನನ್ನು ಚಾಚಾ ಎನ್ನುತ್ತಿದ್ದೆ. ಸಾಧು ಮನುಷ್ಯ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಒಂದು ದಿನ ಶಹಾಬಜಾರದ ಅಂಗಡಿಗಳಿಗೆ ಸರೇಸು ಕೊಡಲು ಹೊರಟ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿ ಆ ಅಂಗಳದಲ್ಲಿ ಕೂರಿಸಿದ. ಕೂರಿಸಿದ್ದು ಕಟ್ಟೆಯ ಮೇಲಲ್ಲ, ದನದ ಕೊಟ್ಟಿಗೆಯ ಬದಿಗೆ. ನೀರು ಕೇಳಿದಾಗ ಆಳು ಹೆಂಗಸು ಎತ್ತರದಿಂದ ನನ್ನ ಬೊಗಸೆಗೆ ಸುರಿದಳು. ಅರ್ಧ ನೀರು ಮೊಣಕೈಯಿಂದ ಇಳಿದು ಮಣ್ಣಿಗೆ ಹೋಯಿತು. ಚಾಚಾ ಆಗಲೇ ಅಪ್ಪನ ಸರೇಸನ್ನು ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿದ್ದ. ಅವ್ವಾರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದರು.

“ಏ ಮಿಸ್ತ್ರಿ, ನನ್ನ ಮೊಮ್ಮಗ ಮಲಗೂ ತೊಟ್ಟಿಲಕ್ಕ ಈ ಹೊಲಸು ಹಚ್ಚತಿ ಏನು?”

“ಅವ್ವಾರ, ನಿಮ್ಮ ಮದಿವಿ ಮಂಚಕ್ಕೂ ನಮ್ಮಪ್ಪ ಇದನ್ನೇ ಹಚ್ಚ್ಯಾನ್ರಿ. ಅವತ್ತು ವಾಸನಿ ಬರಲಿಲ್ಲೇನ್ರಿ?”

ಆಳು ಹೆಂಗಸು ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು. ಅವ್ವಾರು ನಗಲಿಲ್ಲ. ಮಧ್ಯಾಹ್ನ ಚಾಚಾ ನಮಾಜಿಗೆ ಹೋದ. ಅಪ್ಪ ಇನ್ನೂ ಅಂಗಡಿಗಳಿಂದ ಬಂದಿರಲಿಲ್ಲ. ಅಂಗಳದಲ್ಲಿ ನಾನೊಬ್ಬಳೇ ಇದ್ದೆ.

ಆಗ ಅವ್ವಾರು ಆಳಿನಿಂದ ಸರೇಸಿನ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿಸಿ, ಮೂರು ಕಲ್ಲಿನ ಒಲೆಯ ಮೇಲೆ ಇಡಿಸಿದರು. ತಾವು ಮುಟ್ಟಲಿಲ್ಲ. ತೊಗರಿ ಕಟ್ಟಿಗೆ ಒಟ್ಟಿ ಉರಿ ಹಾಕಿಸಿದರು. ತೊಗರಿ ಕಟ್ಟಿಗೆ ಹೇಗೆ ಭುಗಿಲೆಂದು ಉರಿಯುತ್ತದೆ ಎಂದು ನೋಡಿದವರಿಗೆ ಗೊತ್ತು. ಬಟ್ಟಲಿನಿಂದ ಗೋಮೂತ್ರ ಸುರಿದರು, ಒಂದು ಹಿಡಿ ಅರಿಶಿನ ಹಾಕಿದರು, ಮೇಲೆ ಚಿಟಿಕೆ ವಿಭೂತಿ. ಸರೇಸು ಬುಸುಬುಸು ಎಂದು ಉಕ್ಕಿತು. ಇಳಿಸಿ ಮತ್ತೆ ಇಟ್ಟರು, ಮತ್ತೆ ಉಕ್ಕಿತು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವಾಗ ಹೆಂಗಸರು ಕೈ ಮುಗಿಯುತ್ತಾರಲ್ಲ, ಹಾಗೆ ಅವ್ವಾರು ಆ ಪಾತ್ರೆಗೆ ಕೈ ಮುಗಿದದ್ದನ್ನು ನಾನು ಕಂಡೆ. ಮೂರನೆಯ ಸಲ ಉಕ್ಕಿದ ಮೇಲೆ ಪಾತ್ರೆಯನ್ನು ಮೊದಲಿದ್ದ ಜಾಗದಲ್ಲಿ ಇಡಿಸಿ, ನನ್ನ ಕಡೆ ತಿರುಗಿ, “ಏನ್ ನೋಡ್ತಿ ಹಂಗ?” ಅಂದರು. ನಾನು ತಲೆ ತಗ್ಗಿಸಿದೆ. ಮನೆ ಬಿಡುವಾಗ ಅಕ್ಕ, “ದೊಡ್ಡವರ ಮನ್ಯಾಗ ಬಾಯಿ ತೆರೀಬ್ಯಾಡ” ಎಂದು ಎರಡು ಸಲ ಹೇಳಿ ಕಳಿಸಿದ್ದಳು.

ಚಾಚಾ ಬಂದ. ಕುಂಚ ಅದ್ದುವ ಮೊದಲು ಹೆಬ್ಬೆರಳು, ತೋರುಬೆರಳ ನಡುವೆ ಸರೇಸು ಹಿಡಿದು ಎಳೆದ. ಒಳ್ಳೆಯ ಸರೇಸಾದರೆ ಬೆರಳುಗಳ ನಡುವೆ ನೂಲು ಬರುತ್ತದೆ. ಬರಲಿಲ್ಲ. ಅವನು ಇನ್ನೊಂದು ಸಲ ಎಳೆದು ನೋಡಿದ, ಮನೆಯ ಒಳಗೆ ಒಮ್ಮೆ ನೋಡಿದ, ಆಮೇಲೆ ಕುಂಚ ಅದ್ದಿದ. ಅಪ್ಪ ಬಂದು ನನ್ನ ಕೈ ಹಿಡಿದು ಹೊರಟ. ಬಸ್ಸಿನಲ್ಲಿ ನಾನು ಅಪ್ಪನಿಗೆ ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಬೇಡಿ. ಹೆದರಿದ್ದೆ, ಅಷ್ಟೇ.

ಐದಾರು ದಿನದ ಮೇಲೆ ಸಾವಕಾರರ ಆಳು ಕಮಲಾಪುರಕ್ಕೆ ಬಂದು, ನಮ್ಮ ಬೇಲಿಯ ಆಚೆಯೇ ನಿಂತು ಸುದ್ದಿ ಹೇಳಿದ. ನಮ್ಮ ಕಡೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ. ರುಬ್ಬುವ ಗುಂಡುಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ಅದನ್ನು ಮಲಗಿಸಿ ತೂಗುತ್ತಾರೆ. ಅವತ್ತೂ ಹಾಗೆಯೇ ಕಲ್ಲನ್ನು ಮಲಗಿಸಿ, ಹೆಂಗಸರು ಜೋಗುಳ ಶುರು ಮಾಡಿದ್ದರಂತೆ. ಎರಡನೆಯ ತೂಗಿಗೆ ತಳದ ಹಲಗೆಗಳ ಬೆಸುಗೆ ಬಿಟ್ಟು, ಕಲ್ಲು ಕುಂಚಿಗೆ ಸಮೇತ ನೆಲಕ್ಕೆ ಬಿದ್ದು, ನೆಲದ ಹಾಸುಗಲ್ಲು ಸೀಳಿತಂತೆ. ಮಗು ಸೋದರತ್ತೆಯ ತೋಳಲ್ಲಿತ್ತು. ಆ ಮನೆಯಲ್ಲಿ ಬುದ್ಧಿ ಇದ್ದದ್ದು ಆ ಕಲ್ಲಿಗೆ ಮಾತ್ರ.

“ನಾಳೆ ಬರಬೇಕಂತ. ಶಹಾಬಜಾರದ ಬಡಿಗ್ಯಾರನೆಲ್ಲ ಕರಸ್ಯಾರ. ಅವರ ಮುಂದ ನೀ ಕಲಬೆರಕಿ ಮಾಡೀನಿ ಅಂತ ಒಪ್ಕೋಬೇಕಂತ” ಎಂದು ಆಳು ಹೇಳಿ ಹೋದ.

ಆ ಬಡಗಿಗಳೇ ಅಪ್ಪನ ಸರೇಸು ಕೊಳ್ಳುವವರು. ಅವರ ಮುಂದೆ ‘ಹೌದು’ ಅಂದರೆ ಹಂಡೆ ಬೋರಲು ಹಾಕಬೇಕು. ಬಲೆಯ ಚೌಕ ನೋಡಿ ಮೆಚ್ಚುತ್ತಿದ್ದ ಕೈಗಳೇ ಆ ಚೌಕ ನೋಡಿ ಸರೇಸನ್ನು ಬೀದಿಗೆ ಎಸೆಯುತ್ತವೆ. ಅಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೊಡುವವರಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ. ಅಕ್ಕ ನನ್ನ ಗದ್ದ ಹಿಡಿದೆತ್ತಿ ಮುಖ ನೋಡಿದಳು. ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದಿ, “ಬಾಯಿ ಮುಚ್ಚು ಅಂದ್ರ ಇಂಥಾದಕ್ಕೂ ಮುಚ್ಚತಾರೇನ ಹುಚ್ಚಿ? ಹೋಗು, ಅಪ್ಪನ ಕೂಡ ಹೋಗು” ಅಂದಳು. ಅಪ್ಪ ಹಿಂದಿನ ದಿನವೇ ಒಂದಿಷ್ಟು ಸರೇಸು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡಿದ್ದ. ಕಂಡಕ್ಟರ್ ಡಬ್ಬಿಯನ್ನು ಬಸ್ಸಿನ ಮೇಲೆ ಇಡಿಸಿದ. ಡಬ್ಬಿ ಮೇಲೆ ಹೋದ ಮೇಲೂ ಪಕ್ಕದವರು ಸರಿದು ಕೂತರು.

ಅಂಗಳದಲ್ಲಿ ನಾಲ್ಕೈದು ಬಡಗಿಗಳು ನಿಂತಿದ್ದರು. ಚಾಚಾ ಗೋಡೆಗೆ ಒರಗಿ ತನ್ನ ಕಾಲ್ಬೆರಳುಗಳನ್ನು ನೋಡುತ್ತಿದ್ದ. ಸಾವಕಾರರು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡಿದ್ದರು. ಅವ್ವಾರು ಹೊಸ್ತಿಲ ಒಳಗೆ ಮಣೆಯ ಮೇಲೆ ಕೂತಿದ್ದರು.

“ಅಲ್ಲೇ ನಿಂದ್ರು ಸರೇಸಿನವ, ಮುಂದ ಬರಬ್ಯಾಡ” ಎಂದರು ಸಾವಕಾರರು. “ಏನ್ ಕಲಸೀದಿ ಅದರಾಗ? ಗಂಜಿ ಕಲಸೀದ್ಯೋ, ಬೆಲ್ಲದ ನೀರು ಕಲಸೀದ್ಯೋ? ಇವರ ಮುಂದ ಬೊಗಳು. ನನ್ನ ಮಗ ಸಾಯತಿದ್ದ.”

“ಬಿಟ್ಟ ಹಲಗಿ ತೋರಸ್ರಿ ಸಾವಕಾರ್ರ” ಎಂದ ಅಪ್ಪ.

ಆಳು ಹಲಗೆಯನ್ನು ಕಾಲಿನಿಂದ ನಮ್ಮ ಕಡೆಗೆ ಸರಿಸಿದ. ಅಪ್ಪ ಕುಕ್ಕರಗಾಲಲ್ಲಿ ಕೂತು ಅದರ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದ. ಉಗುರಿನಿಂದ ಸರೇಸು ಕೆರೆದು ನಾಲಗೆಯ ಮೇಲೆ ಇಟ್ಟುಕೊಂಡ. ಒಳಗಿನಿಂದ ಹೆಂಗಸರು “ಶಿವ ಶಿವಾ” ಅಂದರು. ಅಪ್ಪ ಅವಸರ ಮಾಡಲಿಲ್ಲ. ಅದು ಬಾಯಲ್ಲಿ ಕರಗುವ ತನಕ ಸುಮ್ಮನಿದ್ದು ಎದ್ದು ನಿಂತ.

“ಸರೇಸು ನಂದೇ ಅದರಿ. ಆದ್ರ ಇದು ಕುದ್ದದ. ಮತ್ತ ಇದರಾಗ ಅರಿಶಿಣ ಅದ. ನಮ್ಮ ಹಂಡೇದಾಗ ನಾ ಅರಿಶಿಣ ಹಾಕಂಗಿಲ್ಲರಿ, ಅದೇನ್ ಸಾರೇನ್ರಿ?”

ಒಬ್ಬ ಬಡಗಿ ಕಿಸಕ್ಕೆಂದ. ಸಾವಕಾರರು ಅವನನ್ನು ದಿಟ್ಟಿಸಿದರು. ಚಾಚಾ ತಲೆ ಎತ್ತಲಿಲ್ಲ. ನಾನು ಅಪ್ಪನ ಧೋತರದ ಚುಂಗು ಹಿಡಿದು ಎಳೆದೆ.

“ಅಪ್ಪಾ, ನಾ ನೋಡೀನಿ.”

ಅಪ್ಪ ಬಗ್ಗಿ ನನ್ನ ಮುಖ ನೋಡಿದ. “ನೋಡಿದ್ದಷ್ಟೇ ಹೇಳು. ಒಂದ್ ಮಾತು ಹೆಚ್ಚ ಹೇಳಬ್ಯಾಡ, ಒಂದ್ ಮಾತು ಕಡಿಮಿ ಹೇಳಬ್ಯಾಡ.”

ಹೇಳಿದೆ. ಇಕ್ಕಳ, ಮೂರು ಕಲ್ಲು, ತೊಗರಿ ಕಟ್ಟಿಗೆ, ಗೋಮೂತ್ರದ ಬಟ್ಟಲು, ಅರಿಶಿನ, ವಿಭೂತಿ. ಎಷ್ಟು ಸಲ ಉಕ್ಕಿತು ಎಂದು ಒಬ್ಬ ಬಡಗಿ ಕೇಳಿದ. “ಮೂರು ಸಲರಿ” ಅಂದೆ. ಅವ್ವಾರು ಕೈ ಮುಗಿದದ್ದನ್ನೂ ಹೇಳಿದೆ.

“ಏ ಹುಡುಗಿ, ಸುಳ್ಳು ಹೇಳ್ತಿ?” ಎಂದು ಸಾವಕಾರರು ಎದ್ದರು.

“ಸುಳ್ಳ ಯಾಕ ಅಂತೀ ಅಕಿಗೆ?” ಒಳಗಿನಿಂದ ಅವ್ವಾರ ದನಿ ಬಂತು. ಅದರಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. “ನಾನೇ ಉಕ್ಕಿಸೀನಿ. ಅಂಥಾ ಹೊಲಸು ಹಂಗೇ ಹಚ್ಚಿ ಕೂಸಿಗೆ ಮಲಗಸಬೇಕೇನು? ಶುದ್ಧ ಮಾಡಿದ್ರ ಕೆಡೂ ಜಿನಸು ಮೊದಲೇ ಕೆಟ್ಟಿತ್ತು ಅಂತ ಅರ್ಥ.”

ಎಪ್ಪತ್ತು ದಾಟಿದ ನನ್ನ ಬದುಕಿನಲ್ಲಿ ಮೂರ್ಖತನವನ್ನು ಬಹಳ ಕಡೆ ಕಂಡಿದ್ದೇನೆ. ಅದು ಅಷ್ಟು ನೆಟ್ಟಗೆ ಬೆನ್ನು ಮಾಡಿಕೊಂಡು ಮಣೆಯ ಮೇಲೆ ಕೂತದ್ದನ್ನು ಮತ್ತೆ ಕಂಡಿಲ್ಲ. ತನ್ನ ಕೈಯಾರೆ ಮೊಮ್ಮಗನ ತೊಟ್ಟಿಲು ಮುರಿದ ಹೆಂಗಸು, ಅದನ್ನು ಕಟ್ಟಿದ ಅಂಟಿನ ಹುಟ್ಟನ್ನು ವಿಚಾರಿಸುತ್ತಿದ್ದಳು.

“ಶುದ್ಧ ಆಗೇದ ಬಿಡ್ರಿ ಅವ್ವಾರ” ಎಂದ ಅಪ್ಪ. “ಭಾಳ ಶುದ್ಧ ಆಗೇದ. ಅದಕ್ಕ ಹಲಗೀನೂ ಮುಟ್ಟವಲ್ದು.”

ಈ ಸಲ ಬಡಗಿಗಳೆಲ್ಲ ನಕ್ಕರು. ಆ ನಗೆಯಲ್ಲಿ ಚಾಚಾನಿಗೆ ಬಾಯಿ ಬಂತು. ಗೋಡೆ ಬಿಟ್ಟು ಮುಂದೆ ಬಂದ.

“ಸರೇಸಿಂದು ತಪ್ಪಿಲ್ರಿ ಸಾವಕಾರ್ರ. ಎಳೆ ಬರೂದಿಲ್ಲ ಅಂತ ನನ್ನ ಬೆರಳಿಗೆ ಅವತ್ತೇ ಗೊತ್ತಾಗಿತ್ತು. ಮುಹೂರ್ತ ಹತ್ರ ಬಂದಿತ್ತು, ನಿಮಗ ಹೆದರಿ ಹಚ್ಚಿಬಿಟ್ಟೆ. ಅಲ್ಲಾ ಕಸಮ್, ಇದು ಖರೇ.”

ಅಷ್ಟು ಹೊತ್ತು ಕಾಲ್ಬೆರಳು ನೋಡುತ್ತ ನಿಂತವನ ಮೇಲೆ ನನಗೆ ಸಿಟ್ಟು ಇತ್ತು. ಹೇಳಿದ ಮೇಲೆ ಅರ್ಧ ಇಳಿಯಿತು. ಉಳಿದರ್ಧವನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ, ಯಾಕೆಂದರೆ ನಾನೂ ಅಷ್ಟು ದಿನ ಸುಮ್ಮನಿದ್ದವಳೇ.

ಸಾವಕಾರರು ಕೆಮ್ಮಿದರು. “ಆತು, ಆತು. ಹೊಸಾದು ಹಚ್ಚಿ ಕೊಡ್ರಿ. ಇದನ್ನ ದೊಡ್ಡದು ಮಾಡಬ್ಯಾಡ್ರಿ” ಎಂದರು. ಊರಿನ ಬಡಗಿಗಳನ್ನೆಲ್ಲ ಅಂಗಳಕ್ಕೆ ಕರೆಸಿದವರು ಅವರು. ದೊಡ್ಡದು ಮಾಡಬೇಡಿ ಎಂದು ನಮಗೆ ಹೇಳಿದರು.

“ಹಚ್ಚತೀನ್ರಿ” ಎಂದ ಅಪ್ಪ. “ಆದ್ರ ನೀವು ಇವರ ಮುಂದ ನನಗ ಕಲಬೆರಕಿ ಅಂದ್ರಿ. ಇವರ ಮುಂದೇ ಅದನ್ನ ತಿರುಗಿ ತಗೋರಿ.”

ಅಪ್ಪನಂಥವರು ಅಂಥ ಅಂಗಳದಲ್ಲಿ ಅಂಥ ಮಾತು ಆಡುತ್ತಿರಲಿಲ್ಲ. ಸಾವಕಾರರು ತಾಯಿಯ ಕಡೆ ನೋಡಿದರು, ಆಮೇಲೆ ಗೋಡೆಯ ಕಡೆ ನೋಡುತ್ತ, “ಸರೇಸು ಛಲೋ ಅದ” ಅಂದರು.

“ಗೋಡಿಗಲ್ರಿ, ಇವರಿಗೆ ಹೇಳ್ರಿ.”

ಅವರು ಬಡಗಿಗಳ ಕಡೆ ತಿರುಗಿ ಇನ್ನೊಂದು ಸಲ ಹೇಳಿದರು. ಕಹಿ ಗುಳಿಗೆ ನುಂಗುವವರ ಮುಖ ಹೇಗಿರುತ್ತದೋ ಹಾಗಿತ್ತು. ಅಪ್ಪನ ಹೆಸರು ಅವನಿಗೆ ವಾಪಸು ಬಂತು. ಕ್ಷಮೆ ಯಾರೂ ಕೇಳಲಿಲ್ಲ, ನಮಗೆ ಅದರ ನಿರೀಕ್ಷೆಯೂ ಇರಲಿಲ್ಲ.

ಅಪ್ಪ ಆ ಅಂಗಳದಲ್ಲೇ ಪಾತ್ರೆಯೊಳಗೆ ಪಾತ್ರೆ ಇಟ್ಟು, ಡಬ್ಬಿಯ ಸರೇಸು ಕರಗಿಸಿದ. ಅವಸರವಿಲ್ಲದೆ ಕರಗಿಸಿದ. ವಾಸನೆ ಕಟ್ಟೆ ಹತ್ತಿತು, ಪಡಸಾಲೆಗೆ ಹೋಯಿತು, ದೇವರ ಕೋಣೆಯವರೆಗೂ ಹೋಗಿರಬೇಕು. ಅವ್ವಾರು ಸೆರಗು ಮೂಗಿಗೆ ಒತ್ತಿಕೊಂಡೇ ಹೊಸ್ತಿಲಲ್ಲಿ ಕೂತಿದ್ದರು. ಎದ್ದು ಹೋದರೆ ಸೋತಂತೆ ಆಗುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಚಾಚಾ ಹಲಗೆಯ ಅಂಚನ್ನು ಕೆರೆದು ಹೊಸ ಮರ ತೆಗೆದ. ಅಪ್ಪ ಹಚ್ಚಿದ. ಇಬ್ಬರೂ ಸೇರಿ ಹಗ್ಗದಿಂದ ಬಿಗಿದು ಕಟ್ಟಿದರು. ಎರಡು ದಿನ ಬಿಟ್ಟು ಕಲ್ಲನ್ನು ಮಲಗಿಸಿ, ಆಮೇಲೆ ಮಗುವನ್ನು ಮಲಗಿಸಿದರಂತೆ. ತೊಟ್ಟಿಲು ಗಟ್ಟಿಯಾಗಿದೆ ಎಂದು ನಮಗೆ ಹೇಳಿದವನು ಚಾಚಾ. ಆ ಮನೆಯವರು ಹೇಳಿ ಕಳಿಸಲಿಲ್ಲ. ಆ ಕೂಸು ದೊಡ್ಡದಾಗಿ ನಮ್ಮಂಥವರನ್ನು ಕಂಡಾಗ ಮೂಗು ಮುಚ್ಚಿಕೊಂಡಿತೋ ಇಲ್ಲವೋ ತಿಳಿಯದು. ಕಲಿಸುವವರಂತೂ ಮನೆಯಲ್ಲೇ ಇದ್ದರು.

ಮಕ್ಕಳೇ, ಈಗ ಕಲಬುರಗಿಯ ಗಾಜಿಪುರದ ಈ ಮನೆಯಲ್ಲಿ ನಿಮಗೆ ಆ ವಾಸನೆ ಗೊತ್ತಿಲ್ಲ. ನಿಮ್ಮ ಅಂಟು ಬೆಳ್ಳಗೆ, ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತದೆ, ಹಾಲಿನಂತೆ ಕಾಣುತ್ತದೆ. ಜ್ವರ ಬಂದಾಗ ನೀವು ನುಂಗುವ ಕ್ಯಾಪ್ಸೂಲಿನ ಕೆಂಪು-ಹಳದಿ ಕವಚ ಇದೆಯಲ್ಲ, ಹೆಚ್ಚಿನವು ಆಗುವುದು ಜೆಲಾಟಿನ್‌ನಿಂದ. ಅಂಗಡಿಯ ಕೆಲವು ಜೆಲ್ಲಿ ಮಿಠಾಯಿಗಳೂ ಅದರಿಂದಲೇ ಆಗುತ್ತವೆ. ಜೆಲಾಟಿನ್ ಸರೇಸಿನ ಒಡಹುಟ್ಟು. ಅದೇ ಚರ್ಮ, ಅದೇ ಮೂಳೆ, ಅದೇ ತೊಳೆಯುವುದು, ಅದೇ ಸಣ್ಣ ಉರಿ. ಇನ್ನಷ್ಟು ಸೋಸಿ, ಇನ್ನಷ್ಟು ತಿಳಿ ಮಾಡಿದ್ದು ಅಷ್ಟೇ. ಶಹಾಬಜಾರದ ದೊಡ್ಡ ದೊಡ್ಡ ಮನೆಗಳಲ್ಲೂ ಅದನ್ನು ಊಟದ ನಂತರ ಒಂದು ಲೋಟ ನೀರಿನ ಜೊತೆ ನುಂಗುತ್ತಾರೆ. ಯಾರೂ ಅದನ್ನು ಒಲೆಯ ಮೇಲಿಟ್ಟು ಶುದ್ಧ ಮಾಡುವುದಿಲ್ಲ. ವಾಸನೆ ಬಾರದಿದ್ದರೆ ಮಡಿಗೆ ಏನೂ ತೊಂದರೆ ಇಲ್ಲ ಎಂದು ಕಾಣುತ್ತದೆ.

ಅದು ಎಲ್ಲಿ ತಯಾರಾಗುತ್ತದೆ ಎಂದು ಮೊನ್ನೆ ನಿಮ್ಮನ್ನು ಕೇಳಿದೆ. ನೀವು ಫೋನಿನಲ್ಲಿ ಹುಡುಕಿದಿರಿ; ಹೊಳೆಯುವ ಪೊಟ್ಟಣಗಳ ಚಿತ್ರ ಬಂತು, ಮನುಷ್ಯರು ಯಾರೂ ಬರಲಿಲ್ಲ. ಎಲ್ಲೋ ಒಂದು ಕಡೆ ಯಾರದೋ ಅಪ್ಪ ಸುಣ್ಣದ ನೀರಿನ ಬದಿಗೆ ನಿಂತಿದ್ದಾನೆ, ಯಾರದೋ ಅಕ್ಕನ ಅಂಗೈ ಸುಲಿದಿದೆ. ಅವ್ವಾರ ಮೇಲಿನ ನನ್ನ ತಿರಸ್ಕಾರ ಇಷ್ಟು ವರ್ಷವಾದರೂ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಆದರೂ ಅವರು ನಮ್ಮ ಮುಖವನ್ನಾದರೂ ಕಂಡಿದ್ದರು. ಅಪ್ಪನಿಗೆ ನಿಂತು ಮಾತಾಡಲು ಒಂದು ಅಂಗಳವಿತ್ತು, ನಾನು ಕಂಡದ್ದನ್ನು ಹೇಳಿದಾಗ ಕೇಳಲು ನಾಲ್ಕೈದು ಜನರಿದ್ದರು. ಇವತ್ತು ಸುಣ್ಣದ ನೀರಿನ ಬದಿಗೆ ನಿಂತ ಆ ಮನುಷ್ಯನ ಮೇಲೆ ಯಾರಾದರೂ ಸುಳ್ಳು ಹೊರಿಸಿದರೆ, ಅವನ ಮಗಳು ಯಾರ ಮನೆಯ ಅಂಗಳಕ್ಕೆ ಬಂದು ಹೇಳಬೇಕು, ನೀವೇ ಹೇಳಿ.